ಅವರು ಏಕೆ ಓಡಿದರು? – ಮೂವರು ಮ್ಯಾರಥಾನ್ ಓಟಗಾರರ ಚರಿತ್ರೆ



ಶಾಲಾ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟ ಶುರುವಾಯಿತೆಂದರೆ ಎಲ್ಲರೂ ಹಗ್ಗದ ಹತ್ತಿರ ಬಂದು ನಿಲ್ಲುತ್ತಾರೆ. ಸೀಟಿ ಊದುವುದರೊಳಗೆ ಕೂಗಾಟ, ಮುಗಿಯುವುದರೊಳಗೆ ಚಪ್ಪಾಳೆ. ಅದೇ ಮೂರು ಸಾವಿರ ಮೀಟರ್ ಓಟ ಶುರುವಾಗಲಿ, ಎರಡನೆಯ ಸುತ್ತಿಗೇ ಅರ್ಧ ಜನ ಚಹಾ ಕುಡಿಯಲು ಎದ್ದು ಹೋಗಿರುತ್ತಾರೆ. ಓಡುವ ಹುಡುಗ ಮಾತ್ರ ಓಡುತ್ತಲೇ ಇರುತ್ತಾನೆ. ಕೊನೆಯ ಸುತ್ತಿನಲ್ಲಿ ಅವನನ್ನು ನೋಡುವವರು ಸಮಯ ಬರೆದುಕೊಳ್ಳುವ ಮಾಸ್ತರರು ಮತ್ತು ಅವನ ಜೊತೆಗಾರರು, ಅಷ್ಟೇ.

ಹಾಗಾದರೆ ದೂರ ಓಡುವವರು ಏಕೆ ಓಡುತ್ತಾರೆ? ಪದಕಕ್ಕಾಗಿಯೇ? ಪದಕ ಸಿಗುವುದು ಮೂವರಿಗೆ, ಓಡುವವರು ನೂರಾರು. ದೇಶಕ್ಕಾಗಿಯೇ, ಅಪ್ಪನಿಗಾಗಿಯೇ, ಹಟಕ್ಕಾಗಿಯೇ, ಅಥವಾ ಓಡದೆ ಇರಲಾರದ್ದಕ್ಕೇ? ಅವರ ಸ್ವಭಾವವೇ ಬೇರೆಯೇ? ಈ ಪ್ರಶ್ನೆಗಳಿಗೆ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಹುಡುಕುವ ಮೊದಲು ಚರಿತ್ರೆಯನ್ನು ನೋಡೋಣ. ಇಲ್ಲಿ ಮೂವರು ಓಟಗಾರರ ಕಥೆ ಇದೆ. ಒಬ್ಬರು ಚೆಕೊಸ್ಲೊವಾಕಿಯಾದವರು, ಇಬ್ಬರು ಜಪಾನಿನವರು. ಮೂವರೂ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಪದಕ ಗೆದ್ದವರೇ. ಆದರೆ ಓಟ ಅವರಿಗೆ ಕೊಟ್ಟದ್ದು ಒಂದೇ ಅಲ್ಲ.

ಮೊದಲು ಮ್ಯಾರಥಾನ್ ಬಗ್ಗೆ ಒಂದಿಷ್ಟು

ಆಧುನಿಕ ಒಲಿಂಪಿಕ್ಸ್ 1896ರಲ್ಲಿ ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಆರಂಭವಾದಾಗಲೇ ಮ್ಯಾರಥಾನ್ ಓಟವೂ ಆರಂಭವಾಯಿತು. ಆಗ ದೂರ ಸುಮಾರು 40 ಕಿಲೋಮೀಟರ್. ಇಂದು ನಮಗೆ ಗೊತ್ತಿರುವ 42.195 ಕಿಲೋಮೀಟರ್ ಲೆಕ್ಕ 1908ರ ಲಂಡನ್ ಒಲಿಂಪಿಕ್ಸ್‌ನದು. 1921ರಲ್ಲಿ ಅದನ್ನೇ ಎಲ್ಲೆಡೆಗೂ ಗೊತ್ತುಮಾಡಲಾಯಿತು. ನಡುವೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ನಡೆದ ಓಟ ಇನ್ನೂ ಉದ್ದ, 42.75 ಕಿಲೋಮೀಟರ್. ಆ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಅವರು ಓಡಿ 19ನೆಯವರಾಗಿ ಗುರಿ ಮುಟ್ಟಿದರು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಈ ಸೀಮೆಯಿಂದ ಹೊರಟು, ಹಡಗಿನಲ್ಲಿ ಕಡಲು ದಾಟಿ, ಕಂಡರಿಯದ ಚಳಿಯ ನಾಡಿನಲ್ಲಿ ಓಡಿದವರು ಅವರು. ಅವರ ಮನಸ್ಸಿನಲ್ಲಿ ಏನಿತ್ತೋ ನಮಗೆ ತಿಳಿಯದು. ಮುಂದೆ ಹೇಳುವ ಮೂವರ ಬಗ್ಗೆ ಮಾತ್ರ ಸಾಕಷ್ಟು ದಾಖಲೆಯಾಗಿದೆ.

ಒಲ್ಲೆನೆಂದ ಹುಡುಗ: ಎಮಿಲ್ ಝಾಟೊಪೆಕ್

ಬಾಟಾ ಎಂಬ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ಕಂಪನಿ ಹುಟ್ಟಿದ್ದು 1894ರಲ್ಲಿ, ಇಂದಿನ ಚೆಕ್ ಗಣರಾಜ್ಯದ ಝ್ಲೀನ್ ಎಂಬ ಊರಿನಲ್ಲಿ. ಅಲ್ಲಿನ ಬೂಟಿನ ಕಾರ್ಖಾನೆಗೆ ಬಡ ಬಡಿಗನ ಮಗನೊಬ್ಬ ಹದಿಹರೆಯದಲ್ಲೇ ದುಡಿಯಲು ಬಂದ. ಹಗಲು ಕೆಲಸ, ಸಂಜೆ ಪಾಠ. ಅವನೇ 1922ರ ಸೆಪ್ಟೆಂಬರ್ 19ರಂದು ಕೊಪ್ರಿವ್‌ನಿಟ್ಸೆ ಎಂಬ ಊರಲ್ಲಿ ಹುಟ್ಟಿದ ಎಮಿಲ್ ಝಾಟೊಪೆಕ್.

1941ರಲ್ಲಿ ಕಂಪನಿಯ ಕಡೆಯಿಂದ ಊರಲ್ಲಿ ಒಂದು ಓಟದ ಸ್ಪರ್ಧೆ. ತರಬೇತುದಾರ ಬಲು ಕಟ್ಟುನಿಟ್ಟಿನ ಮನುಷ್ಯ. ನಾಲ್ವರು ಹುಡುಗರತ್ತ ಬೆರಳು ತೋರಿಸಿ ನೀವು ಓಡಬೇಕು ಎಂದ. ಅವರಲ್ಲಿ ಎಮಿಲ್ ಒಬ್ಬ. ನನಗೆ ಮೈಯಲ್ಲಿ ಶಕ್ತಿಯಿಲ್ಲ, ಆಗುವುದಿಲ್ಲ ಎಂದು ಹುಡುಗ ತಪ್ಪಿಸಿಕೊಳ್ಳಲು ನೋಡಿದ. ತರಬೇತುದಾರ ಬಿಡಲಿಲ್ಲ, ಡಾಕ್ಟರರ ಹತ್ತಿರ ಕಳಿಸಿದ. ಡಾಕ್ಟರರು ನೋಡಿ ಹುಡುಗ ಗಟ್ಟಿಮುಟ್ಟಾಗಿದ್ದಾನೆ ಎಂದುಬಿಟ್ಟರು! ಇನ್ನೇನು, ಓಡಲೇಬೇಕಾಯಿತು. ಆದರೆ ಓಡಲು ಶುರುಮಾಡಿದ ಮೇಲೆ ಗೆಲ್ಲಬೇಕೆಂಬ ಆಸೆ ತಾನಾಗಿಯೇ ಹುಟ್ಟಿತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಂದು ಬಂದದ್ದು ಎರಡನೆಯ ಸ್ಥಾನ.

ಗಮನಿಸಿ, ಓಟ ಅವರು ಕೇಳಿ ಪಡೆದದ್ದಲ್ಲ, ಅಪ್ಪಣೆಯಾಗಿ ಬಂದದ್ದು. ಆ ಅಪ್ಪಣೆಯನ್ನು ಅವರು ತಮ್ಮ ಆಟವಾಗಿ ಮಾಡಿಕೊಂಡರು. ದೇಶ ಆಗ ಜರ್ಮನರ ವಶದಲ್ಲಿತ್ತು, ಯುದ್ಧ ನಡೆದಿತ್ತು. ಆ ಕಾಲದಲ್ಲೇ, ಮೂರು ವರ್ಷದೊಳಗೆ, 1944ರಲ್ಲಿ ಅವರು 2000, 3000, 5000 ಮೀಟರ್ ಓಟಗಳಲ್ಲಿ ತಮ್ಮ ದೇಶದ ದಾಖಲೆ ಮುರಿದರು. ಯುದ್ಧ ಮುಗಿದ ಮೇಲೆ ಸೈನ್ಯ ಸೇರಿದರು.

ಅವರ ಅಭ್ಯಾಸದ ಕಥೆಗಳನ್ನು ಕೇಳಿದರೆ ನಗುವೂ ಬರುತ್ತದೆ, ಬೆರಗೂ ಆಗುತ್ತದೆ. ಭಾರದ ಮಿಲಿಟರಿ ಬೂಟು ಹಾಕಿಕೊಂಡು ಹಿಮದಲ್ಲಿ ಓಡುವುದು. ಮರದಿಂದ ಮರಕ್ಕೆ ಉಸಿರು ಬಿಗಿಹಿಡಿದು ನಡೆಯುವುದು, ದಿನದಿನಕ್ಕೆ ಒಂದೊಂದು ಮರ ಹೆಚ್ಚಿಸುವುದು. ಹೆಂಡತಿಯನ್ನು ಬೆನ್ನಮೇಲೆ ಹೊತ್ತು ಓಡುವುದು. ಒಗೆಯುವ ಬಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಹಾಕಿ ಅದರ ಮೇಲೇ ನಿಂತಲ್ಲಿ ಓಡುತ್ತಿದ್ದರೆಂಬ ಕಥೆಯೂ ಇದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, 400 ಮೀಟರನ್ನು ಜೋರಾಗಿ ಓಡಿ, ಸ್ವಲ್ಪ ದೂರ ನಿಧಾನವಾಗಿ ಓಡಿ, ಮತ್ತೆ ಜೋರಾಗಿ ಓಡುವ ಕ್ರಮ. ಇದನ್ನು ಒಂದೇ ದಿನದಲ್ಲಿ ಇಪ್ಪತ್ತು, ನಲವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಮಾಡುತ್ತಿದ್ದರು. ನಿಧಾನವಾಗಿ ಓಡುವುದು ಹೇಗೆಂದು ನನಗೆ ಗೊತ್ತೇ ಇದೆ, ವೇಗವಾಗಿ ಓಡುವುದನ್ನಲ್ಲವೇ ಕಲಿಯಬೇಕಾದದ್ದು ಎಂಬುದು ಅವರ ವಾದ. ಇದೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಮಗು ಆಟಿಗೆಯನ್ನು ಬಿಚ್ಚಿ ನೋಡುವಂತೆ ಅವರು ತಮ್ಮ ಮೈಯನ್ನೇ ಪರೀಕ್ಷೆ ಮಾಡಿ ನೋಡಿದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಚಿನ್ನ. 5000 ಮೀಟರ್ ಓಟದಲ್ಲಿ ಬಹಳ ಹಿಂದೆ ಬಿದ್ದಿದ್ದವರು ಕೊನೆಯ ಸುತ್ತಿನಲ್ಲಿ ನುಗ್ಗಿ ಬಂದು, ಬೆಲ್ಜಿಯಂನ ಗಾಸ್ಟನ್ ರೈಫ್ ಅವರಿಗಿಂತ ಬರೀ 0.2 ಸೆಕೆಂಡ್ ಹಿಂದೆ ಬೆಳ್ಳಿ ಪಡೆದರು. 1951ರಲ್ಲಿ ಒಂದು ಗಂಟೆಯೊಳಗೆ 20 ಕಿಲೋಮೀಟರ್ ದಾಟಿದ ಮೊದಲ ಮನುಷ್ಯರಾದರು. ಮರುವರ್ಷ ಬಂದದ್ದು 1952ರ ಹೆಲ್ಸಿಂಕಿ.

ಹೆಲ್ಸಿಂಕಿಗೆ ಹೊರಡುವ ಮೊದಲೇ ಒಂದು ಘಟನೆ ನಡೆಯಿತು. ತಂಡದ ಯುವ ಓಟಗಾರ ಸ್ಟಾನಿಸ್ಲಾವ್ ಯುಂಗ್‌ವಿರ್ಟ್ ಅವರ ತಂದೆ ರಾಜಕೀಯ ಕಾರಣಕ್ಕೆ ಸೆರೆಯಲ್ಲಿದ್ದರು. ಅದಕ್ಕಾಗಿ ಸರಕಾರ ಮಗನನ್ನು ತಂಡದಿಂದ ಬಿಟ್ಟಿತು. ಅವನು ಬರದಿದ್ದರೆ ನಾನೂ ಬರುವುದಿಲ್ಲ ಎಂದು ಝಾಟೊಪೆಕ್ ವಿಮಾನ ಹತ್ತದೆ ಉಳಿದರು. ಕೊನೆಗೆ ಸರಕಾರ ಮಣಿಯಿತು, ಇಬ್ಬರೂ ಹೋದರು. ಅಲ್ಲಿ ಎಂಟು ದಿನದೊಳಗೆ ಝಾಟೊಪೆಕ್ 10,000 ಮೀಟರ್ ಗೆದ್ದರು, 5000 ಮೀಟರ್ ಗೆದ್ದರು, ಜೀವನದಲ್ಲಿ ಒಮ್ಮೆಯೂ ಓಡಿರದ ಮ್ಯಾರಥಾನನ್ನೂ ಗೆದ್ದರು! ಮೂರರಲ್ಲೂ ಒಲಿಂಪಿಕ್ ದಾಖಲೆ. ಒಂದೇ ಕೂಟದಲ್ಲಿ ಈ ಮೂರನ್ನೂ ಗೆದ್ದವರು ಅವರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. 5000 ಮೀಟರ್ ಗೆದ್ದ ದಿನವೇ ಅವರ ಪತ್ನಿ ಡಾನಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದರು. ಗಂಡ ಹೆಂಡತಿ ಹುಟ್ಟಿದ್ದೂ ಒಂದೇ ದಿನ, ಒಂದೇ ವರ್ಷ!

ಆ ಮ್ಯಾರಥಾನಿನ ದಾರಿಯಲ್ಲಿ ನಡೆದ ಮಾತುಕತೆ ಪ್ರಸಿದ್ಧವಾಗಿದೆ. ಬ್ರಿಟನ್ನಿನ ಜಿಮ್ ಪೀಟರ್ಸ್ ಆಗಿನ ಕಾಲದ ಅತಿ ವೇಗದ ಮ್ಯಾರಥಾನ್ ಓಟಗಾರ. ಝಾಟೊಪೆಕ್ ಅವರ ಪಕ್ಕಕ್ಕೆ ಬಂದು, ನಾವು ಓಡುತ್ತಿರುವ ವೇಗ ಸರಿಯಿದೆಯೇ ಎಂದು ಕೇಳಿದರು. ಹೊಸಬನನ್ನು ದಣಿಸಬೇಕೆಂದು ಪೀಟರ್ಸ್, ಸಾಲದು, ನಿಧಾನವಾಯಿತು ಎಂದರು. ಹೌದೇ ಎಂದು ಝಾಟೊಪೆಕ್ ಮುಂದೆ ಹೋಗಿಯೇಬಿಟ್ಟರು. ಪೀಟರ್ಸ್ ಗುರಿ ಮುಟ್ಟಲಿಲ್ಲ. ಝಾಟೊಪೆಕ್ 2 ಗಂಟೆ 23 ನಿಮಿಷ 3 ಸೆಕೆಂಡುಗಳಲ್ಲಿ ಮುಗಿಸಿದರು.

ಸೋಲಿನಲ್ಲೂ ಅವರ ಸ್ವಭಾವ ಅದೇ. 1956ರ ಮೆಲ್ಬರ್ನ್ ಮ್ಯಾರಥಾನಿನ ಹೊತ್ತಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು, ಆರನೆಯವರಾದರು. ಗೆದ್ದವರು ಫ್ರಾನ್ಸಿನ ಅಲೇನ್ ಮಿಮೂನ್. ಹಿಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಮೂರು ಬಾರಿ ಝಾಟೊಪೆಕ್ ಅವರ ಹಿಂದೆ ಎರಡನೆಯವರಾಗಿಯೇ ಉಳಿದಿದ್ದವರು. ಗುರಿ ಮುಟ್ಟಿದ ಮಿಮೂನ್ ಕ್ರೀಡಾಂಗಣದಿಂದ ಕದಲದೆ ನಾಲ್ಕೂವರೆ ನಿಮಿಷ ಗೆಳೆಯನಿಗಾಗಿ ಕಾದರು. ಝಾಟೊಪೆಕ್ ಬಂದರು, ಸುದ್ದಿ ತಿಳಿದು ತಲೆಯ ಟೋಪಿ ತೆಗೆದು ಗೌರವ ಸಲ್ಲಿಸಿ ಅಪ್ಪಿಕೊಂಡರು. ಇನ್ನೊಂದು ಪ್ರಸಂಗ 1966ರದು. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಅನೇಕ ವಿಶ್ವದಾಖಲೆ ಮಾಡಿಯೂ ಒಲಿಂಪಿಕ್ ಚಿನ್ನ ಕಾಣದ ಓಟಗಾರ. ಪ್ರಾಗ್‌ಗೆ ಬಂದು ಹೊರಟಾಗ ಝಾಟೊಪೆಕ್ ಅವರ ಕೈಗೆ ಒಂದು ಸಣ್ಣ ಪೊಟ್ಟಣ ಕೊಟ್ಟರು. ವಿಮಾನದಲ್ಲಿ ಬಿಚ್ಚಿ ನೋಡಿದರೆ ಹೆಲ್ಸಿಂಕಿಯ ಚಿನ್ನದ ಪದಕ!

1968ರಲ್ಲಿ ಅವರು ದೇಶದ ಸುಧಾರಣಾ ಚಳವಳಿಯ ಪರ ನಿಂತರು. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಸೈನ್ಯದ ಹುದ್ದೆ ಹೋಯಿತು, ಪಕ್ಷದಿಂದ ಹೊರದೂಡಿದರು. ಹಲವು ವರ್ಷ ಮನೆಯಿಂದ ದೂರ, ನೆಲ ಕೊರೆಯುವ ತಂಡದಲ್ಲಿ ಕೂಲಿಯಂತೆ ದುಡಿದರು. ಒತ್ತಡಕ್ಕೆ ಮಣಿದು ಮುಂದೆ ತಮ್ಮ ಕೆಲವು ಮಾತುಗಳನ್ನು ಹಿಂತೆಗೆದುಕೊಂಡರು ಎಂಬುದನ್ನೂ ಚರಿತ್ರೆ ಬರೆದಿದೆ, ಅವರೂ ಮನುಷ್ಯರೇ. 1989ರ ಬದಲಾವಣೆಯ ನಂತರ ಗೌರವ ಮರಳಿ ಬಂತು. 2000ದ ನವೆಂಬರ್‌ನಲ್ಲಿ ತೀರಿಕೊಂಡರು.

ಹಿಂತಿರುಗಿ ನೋಡದ ಹುಡುಗ: ಕೊಕಿಚಿ ತ್ಸುಬುರಾಯಾ

ಈಗ ಜಪಾನಿಗೆ ಹೋಗೋಣ. ಅಲ್ಲಿನ ಫುಕುಶಿಮಾ ಪ್ರಾಂತದಲ್ಲಿ ಸುಕಾಗಾವಾ ಎಂಬ ಊರು. 1940ರ ಮೇ 13ರಂದು ಅಲ್ಲಿನ ರೈತ ಮನೆತನದಲ್ಲಿ, ಏಳು ಮಕ್ಕಳಲ್ಲಿ ಕಿರಿಯವನಾಗಿ ಕೊಕಿಚಿ ತ್ಸುಬುರಾಯಾ ಹುಟ್ಟಿದ. ತಂದೆ ಶಿಸ್ತಿನವರು. ಪ್ರಾಥಮಿಕ ಶಾಲೆಯ ಕ್ರೀಡಾಕೂಟದಲ್ಲಿ ಹುಡುಗ ಓಡುತ್ತಾ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದನಂತೆ. ಗಂಡಸಾದವನು ಒಮ್ಮೆ ಮುಂದೆ ಹೊರಟ ಮೇಲೆ ಹಿಂತಿರುಗಿ ನೋಡಬಾರದು ಎಂದು ತಂದೆ ಗದರಿದರಂತೆ. ಅಂದಿನಿಂದ ಆತ ಓಟದಲ್ಲಿ ಹಿಂದೆ ನೋಡಲೇ ಇಲ್ಲ ಎಂಬುದು ಜಪಾನಿನಲ್ಲಿ ಮನೆಮಾತಾದ ಕಥೆ.

ದೊಡ್ಡವರಾಗಿ ತ್ಸುಬುರಾಯಾ ದೇಶದ ರಕ್ಷಣಾ ಪಡೆ ಸೇರಿದರು. 1964ರಲ್ಲಿ ಒಲಿಂಪಿಕ್ಸ್ ಟೋಕಿಯೊಗೆ ಬಂತು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಎದ್ದು ನಿಂತು ಜಗತ್ತಿಗೆ ತನ್ನನ್ನು ತೋರಿಸುವ ಹಬ್ಬ ಅದು. ಅಕ್ಟೋಬರ್ 21ರ ಮ್ಯಾರಥಾನಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಎಲ್ಲರಿಗಿಂತ ನಾಲ್ಕು ನಿಮಿಷ ಮುಂದೆ ಬಂದು ಗೆದ್ದರು. ನಾಲ್ಕು ವರ್ಷದ ಹಿಂದೆ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಗೆದ್ದವರೂ ಇವರೇ. ಎರಡನೆಯವರಾಗಿ ಕ್ರೀಡಾಂಗಣದ ಬಾಗಿಲಲ್ಲಿ ಕಾಣಿಸಿಕೊಂಡವರು ತ್ಸುಬುರಾಯಾ! ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿತು. ಅವರ ಹಿಂದೆ ಕೆಲವೇ ಹೆಜ್ಜೆ ಅಂತರದಲ್ಲಿ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಒಳಗೆ ಬಂದರು. ಕೊನೆಯ ಸುತ್ತಿನಲ್ಲಿ ಹೀಟ್ಲಿ ವೇಗ ಹೆಚ್ಚಿಸಿದರು. ತ್ಸುಬುರಾಯಾ ಹಿಂದೆ ನೋಡಲಿಲ್ಲ. ಪಕ್ಕದಿಂದ ಹೀಟ್ಲಿ ದಾಟಿ ಹೋದಾಗ ಬೆನ್ನಟ್ಟಲು ಕಾಲಲ್ಲಿ ಕಸುವು ಉಳಿದಿರಲಿಲ್ಲ. ಗುರಿಯಲ್ಲಿ ಅಂತರ ಮೂರೂವರೆ ಸೆಕೆಂಡು. ತ್ಸುಬುರಾಯಾ ಅವರಿಗೆ ಕಂಚು.

ಲೆಕ್ಕ ಹಾಕಿ ನೋಡಿ. ಆ ಕೂಟದಲ್ಲಿ ಅಥ್ಲೆಟಿಕ್ಸ್‌ನಲ್ಲಿ ಜಪಾನಿಗೆ ಬಂದ ಪದಕ ಇದೊಂದೇ. ಅವರು ಮೊದಲ ಮ್ಯಾರಥಾನ್ ಓಡಿದ್ದು ಅದೇ ವರ್ಷ. ಅದಕ್ಕೂ ಮೊದಲು 10,000 ಮೀಟರ್‌ನಲ್ಲಿ ಆರನೆಯವರಾಗಿದ್ದರು. ದೇಶವೇ ಹೊತ್ತು ಮೆರೆಸಬೇಕಾದ ಸಾಧನೆ. ಜನ ಮೆರೆಸಿದರು ಕೂಡ. ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಕಂಚು ಗೆದ್ದೆ ಎಂಬುದಲ್ಲ, ಎಲ್ಲರ ಕಣ್ಣೆದುರು ಬೆಳ್ಳಿ ಕಳೆದೆ ಎಂಬುದು. ದೇಶದ ಜನರ ಮುಂದೆ ಕ್ಷಮಿಸಲಾರದ ತಪ್ಪು ಮಾಡಿದ್ದೇನೆ, ಮೆಕ್ಸಿಕೋದಲ್ಲಿ ಧ್ವಜ ಏರಿಸಿ ಅದನ್ನು ತೀರಿಸಬೇಕು ಎಂಬ ಅರ್ಥದ ಮಾತನ್ನು ಅವರು ಜೊತೆಯ ಓಟಗಾರನಿಗೆ ಹೇಳಿದ್ದರು. ಅಲ್ಲಿಂದ ಮುಂದೆ ಓಟ ಅವರಿಗೆ ಸಾಲವಾಯಿತು.

ಸಾಲಕ್ಕೆ ಬಡ್ಡಿ ಬೆಳೆಯಿತು. ಅವರಿಗೆ ಮದುವೆ ಗೊತ್ತಾಗಿತ್ತು. ಮೆಕ್ಸಿಕೋ ಮುಗಿಯುವವರೆಗೆ ಮದುವೆ ಬೇಡ ಎಂದು ಮೇಲಧಿಕಾರಿ ತಡೆದರು. ಅವರ ಪರ ಮಾತಾಡಿದ ತರಬೇತುದಾರರನ್ನು ಬೇರೆಡೆಗೆ ವರ್ಗ ಮಾಡಲಾಯಿತು. ಹೆಣ್ಣಿನ ಕಡೆಯವರು ಎಷ್ಟು ಕಾಲ ಕಾದಾರು? ಆಕೆಗೆ ಬೇರೆ ಕಡೆ ಮದುವೆಯಾಯಿತು. ಈ ನಡುವೆ ಸೊಂಟದ ನೋವು ಹೆಚ್ಚಿತು, 1967ರಲ್ಲಿ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊದಲಿನ ವೇಗ ಮರಳಲಿಲ್ಲ.

1968ರ ಹೊಸ ವರ್ಷಕ್ಕೆ ಊರಿಗೆ ಹೋಗಿ ಬಂದರು. ಮನೆಯವರೆಲ್ಲ ಸೇರಿ ಉಣಿಸಿ ಉಪಚರಿಸಿದರು. ಹಿಂತಿರುಗಿದ ಮೇಲೆ ಜನವರಿ ಎರಡನೆಯ ವಾರದಲ್ಲಿ, ತರಬೇತಿ ಶಾಲೆಯ ತಮ್ಮ ಕೋಣೆಯಲ್ಲಿ ಅವರು ತಾವೇ ಜೀವ ಬಿಟ್ಟರು. ವಯಸ್ಸು 27. ಬರೆದಿಟ್ಟ ಪತ್ರದಲ್ಲಿ ಯಾರ ಮೇಲೂ ದೂರಿಲ್ಲ. ಅಪ್ಪ ಅಮ್ಮ, ಅಣ್ಣಂದಿರು, ಅತ್ತಿಗೆಯರು ಹಬ್ಬಕ್ಕೆ ಕೊಟ್ಟ ಒಂದೊಂದು ತಿನಿಸಿನ ಹೆಸರು ಹೇಳಿ, ರುಚಿಯಾಗಿತ್ತು ಎಂದು ಕೃತಜ್ಞತೆ ಹೇಳಿದ್ದರು. ಕೊನೆಗೆ, ತಾನು ಪೂರ್ತಿ ದಣಿದುಹೋಗಿದ್ದೇನೆ, ಇನ್ನು ಓಡಲಾರೆ ಎಂದು ಅಪ್ಪ ಅಮ್ಮನ ಕ್ಷಮೆ ಕೇಳಿದ್ದರು. ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಯಸುನಾರಿ ಕವಾಬಾತಾ ಅಂಥವರೂ ಆ ಪತ್ರದ ಬಗ್ಗೆ ಬರೆದರು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಪತ್ರದ ಚೆಲುವಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಆ ಮೂರು ವರ್ಷದಲ್ಲಿ ಆತನಿಗೆ, ಸಾಕು, ನೀನು ಓಡದಿದ್ದರೂ ನಡೆಯುತ್ತದೆ ಎಂದು ಹೇಳಬಲ್ಲವರು, ಹೇಳಿದರೆ ನಡೆಯುವಂಥವರು ಒಬ್ಬರೂ ಇರಲಿಲ್ಲವೇ?

ಹಿಂತಿರುಗಿ ನೋಡಿದವರು: ಕೆಂಜಿ ಕಿಮಿಹಾರಾ

ತ್ಸುಬುರಾಯಾ ಮನಸ್ಸು ಬಿಚ್ಚಿ ಮಾತಾಡಿದ ಆ ಜೊತೆಗಾರರೇ ಕೆಂಜಿ ಕಿಮಿಹಾರಾ. ಹುಟ್ಟಿದ್ದು 1941ರಲ್ಲಿ, ಉಕ್ಕಿನ ಕಾರ್ಖಾನೆಗಳ ಊರಾದ ಕಿತಾಕ್ಯೂಶೂದಲ್ಲಿ. ಶಾಲೆಯಲ್ಲಿ ಓದಿನಲ್ಲೂ ಹಿಂದೆ, ಆಟದಲ್ಲೂ ಹಿಂದೆ, ಕೀಳರಿಮೆಯ ಹುಡುಗನಾಗಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಸಹಪಾಠಿಯೊಬ್ಬ ಓಟದ ತಂಡಕ್ಕೆ ಬಾ ಎಂದಾಗ ಬೇಡ ಎನ್ನಲು ಬಾಯಿ ಬರಲಿಲ್ಲ, ಸೇರಿದರು. ಅಷ್ಟೇ ಅವರ ಓಟದ ಆರಂಭ!

1964ರ ಟೋಕಿಯೊ ಮ್ಯಾರಥಾನಿನಲ್ಲಿ ಕಿಮಿಹಾರಾ ಎಂಟನೆಯವರಾದರು. ಪದಕ ತರುವರೆಂದು ನಂಬಿದ್ದವರಿಗೆ ನಿರಾಸೆ, ಅವರಿಗೂ ನಿರಾಸೆ. ಓಟವನ್ನೇ ಬಿಡಲು ಮುಂದಾದರು. ಆದರೆ ಕೆಲ ಕಾಲದ ಮೇಲೆ ನಿಧಾನವಾಗಿ ಮತ್ತೆ ಓಡಲು ಶುರುಮಾಡಿದರು. 1966ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಗೆದ್ದರು. ಅದೇ ವರ್ಷ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲೂ ಗೆದ್ದರು.

1968ರ ಅಕ್ಟೋಬರ್ 20, ಮೆಕ್ಸಿಕೋ ನಗರ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರ, ಉಸಿರಿಗೆ ಗಾಳಿ ಸಾಲದ ಜಾಗ. ಇಥಿಯೋಪಿಯಾದ ಮಾಮೊ ವೊಲ್ಡೆ ಮೊದಲು ಬಂದರು. ಎರಡನೆಯವರಾಗಿ ಕಿಮಿಹಾರಾ, ಯಾವಾಗಿನಂತೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಓಡುತ್ತಾ ಬಂದರು. ಹೊಟ್ಟೆ ಕೆಟ್ಟು ಕಂಗಾಲಾಗಿದ್ದರು. ನಾಲ್ಕು ವರ್ಷದ ಹಿಂದೆ ಗೆಳೆಯ ಓಡಿದಂಥದೇ ಕೊನೆಯ ಸುತ್ತು. ಕಿಮಿಹಾರಾ ಹಿಂತಿರುಗಿ ನೋಡಿದರು. ನ್ಯೂಜಿಲೆಂಡಿನ ಮೈಕ್ ರಯನ್ ಹತ್ತಿರ ಬರುತ್ತಿರುವುದು ಕಂಡಿತು. ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಓಡಿದರು. 14 ಸೆಕೆಂಡು ಅಂತರದಲ್ಲಿ ಬೆಳ್ಳಿ ಉಳಿಯಿತು. ಸಾಮಾನ್ಯವಾಗಿ ಹಿಂದೆ ನೋಡದ ನಾನು ಅಂದು ನೋಡಿದ್ದು ತ್ಸುಬುರಾಯಾ ನೋಡಿಸಿದ್ದರಿಂದಲೇ ಇರಬೇಕು ಎಂಬರ್ಥದಲ್ಲಿ ಅವರು ಮುಂದೆ ಹೇಳಿದ್ದಾರೆ. ಸುಕಾಗಾವಾದಲ್ಲಿ ತ್ಸುಬುರಾಯಾ ನೆನಪಿಗೆ ನಡೆಯುವ ಓಟಕ್ಕೆ ಅವರು ವರ್ಷ ವರ್ಷ ಹೋಗಿ ಓಡಿದ್ದಾರೆ, ಸಮಾಧಿಗೆ ಹೋಗಿ ಬಂದಿದ್ದಾರೆ.

ಸ್ಪರ್ಧೆಯ ದಿನಗಳಲ್ಲಿ ಕಿಮಿಹಾರಾ ಓಡಿದ ಮ್ಯಾರಥಾನ್‌ಗಳು 35. ಒಂದನ್ನೂ ನಡುವೆ ಬಿಡಲಿಲ್ಲ. ಸಾಕು ಎನಿಸಿದಾಗ ಏನು ಮಾಡುತ್ತಿದ್ದರು ಗೊತ್ತೇ? ಆ ಮುಂದಿನ ವಿದ್ಯುತ್ ಕಂಬದವರೆಗೆ ಓಡೋಣ ಎಂದುಕೊಳ್ಳುವುದು, ಅದು ಬಂದ ಮೇಲೆ ಅದರ ಮುಂದಿನದು. 42 ಕಿಲೋಮೀಟರ್ ಭಾರವನ್ನು ಕಂಬ ಕಂಬಕ್ಕೆ ಹಂಚಿಬಿಡುವ ಉಪಾಯ! ಬಾಸ್ಟನ್ ಗೆದ್ದು 50 ವರ್ಷವಾದಾಗ, 2016ರಲ್ಲಿ, 75ನೆಯ ವಯಸ್ಸಿನಲ್ಲಿ ಅಲ್ಲಿಗೇ ಹೋಗಿ ಮತ್ತೆ ಓಡಿದರು.

ಪಂಡಿತರು ಏನು ಹೇಳುತ್ತಾರೆ?

ಮೂವರ ಸ್ವಭಾವ ನೋಡಿದರೆ ಒಂದಕ್ಕೊಂದು ತಾಳೆಯಿಲ್ಲ. ಝಾಟೊಪೆಕ್ ವಾಚಾಳಿ, ಹಲವು ಭಾಷೆ ಬಲ್ಲವರು, ಓಡುವಾಗಲೂ ಹರಟುವವರು. ತ್ಸುಬುರಾಯಾ ಹೇಳಿದ ಮಾತು ಮೀರದವರು. ಕಿಮಿಹಾರಾ ಸಂಕೋಚದವರು. ಆದ್ದರಿಂದ ದೂರ ಓಡುವವರ ಸ್ವಭಾವ ಇಂಥದೇ ಎಂದು ಅಚ್ಚು ಒತ್ತಲು ಬರುವುದಿಲ್ಲ. ಓಟ ಆರಂಭವಾದ ಬಗೆಯಲ್ಲೂ ಉತ್ತರವಿಲ್ಲ. ಒಬ್ಬರಿಗೆ ಅಪ್ಪಣೆ, ಒಬ್ಬರಿಗೆ ತಂದೆಯ ಶಿಸ್ತು, ಒಬ್ಬರಿಗೆ ಗೆಳೆಯನ ಕರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

1970ರಲ್ಲಿ ಅಮೆರಿಕದ ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ಸಂಶೋಧಕರು, ವ್ಯಾಯಾಮ ನಿಲ್ಲಿಸಿದರೆ ನಿದ್ರೆ ಏನಾಗುತ್ತದೆ ಎಂದು ತಿಳಿಯಲು ಹೊರಟರು. ವಾರದಲ್ಲಿ ಐದಾರು ದಿನ ವ್ಯಾಯಾಮ ಮಾಡುವವರನ್ನು ಕೆಲವು ವಾರ ನಿಲ್ಲಿಸಿ, ಹಣ ಕೊಡುತ್ತೇವೆ ಎಂದರು. ಹಣಕ್ಕೂ ಅವರು ಒಪ್ಪಲಿಲ್ಲ! ಕೊನೆಗೆ ಕಡಿಮೆ ದಿನ ಮಾಡುವವರನ್ನೇ ಹಿಡಿದು ಪರೀಕ್ಷೆ ನಡೆಸಬೇಕಾಯಿತು; ಅವರಿಗೂ ನಿದ್ರೆ ಕೆಟ್ಟಿತು, ಕಳವಳ ಹೆಚ್ಚಿತು. 1976ರಲ್ಲಿ ವಿಲಿಯಂ ಗ್ಲಾಸರ್ ಇದನ್ನು ಒಳ್ಳೆಯ ಚಟವೆಂದು ಕರೆದರು. 1979ರಲ್ಲಿ ವಿಲಿಯಂ ಮಾರ್ಗನ್ ಇದರ ಇನ್ನೊಂದು ಮುಖ ತೋರಿಸಿದರು: ಕಾಲು ಮುರಿಯುವಂತಿದ್ದರೂ ನಿಲ್ಲಿಸಲಾರದವರು, ಮನೆ, ಉದ್ಯೋಗ ಎಲ್ಲವನ್ನೂ ಓಟದ ಹಿಂದೆ ತಳ್ಳಿದವರು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

2003ರಲ್ಲಿ ಕೆನಡಾದ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಒಂದು ಕೆಲಸದ ಮೇಲಿನ ತೀವ್ರ ಆಸಕ್ತಿಯಲ್ಲಿ ಎರಡು ಬಗೆಯಿದೆ ಎಂದರು. ನಮ್ಮ ಮಾತಿನಲ್ಲಿ ಒಂದನ್ನು ಒಲವು, ಇನ್ನೊಂದನ್ನು ಗೀಳು ಎನ್ನೋಣ. ಒಲವಿನಲ್ಲಿ ಮನುಷ್ಯ ಓಟವನ್ನು ಹಿಡಿದಿರುತ್ತಾನೆ. ಬೇಕಾದಾಗ ಕೆಳಗಿಟ್ಟು ಊಟ, ನಿದ್ದೆ, ನಂಟರು ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಗೀಳಿನಲ್ಲಿ ಓಟವೇ ಮನುಷ್ಯನನ್ನು ಹಿಡಿದಿರುತ್ತದೆ. ಜನರ ಮೆಚ್ಚಿಗೆ, ತನ್ನ ಮಾನ ಎಲ್ಲವೂ ಅದಕ್ಕೇ ಕಟ್ಟುಬಿದ್ದಿರುತ್ತವೆ. ಸೋತರೆ ಒಂದು ಓಟ ಸೋತಂತಲ್ಲ, ತಾನೇ ಇಲ್ಲವಾದಂತೆ.

ತ್ಸುಬುರಾಯಾ ಅವರಿಗೆ ಈ ಕಟ್ಟು ಹಾಕಿದ್ದು ಅವರೊಬ್ಬರೇ ಅಲ್ಲ, ಸುತ್ತಲಿನವರೂ ಸೇರಿ ಹಾಕಿದರು. ಹಾಗೆಂದು ದೇಶದ ಹೆಸರೇ ಕೆಟ್ಟದ್ದೆನ್ನಲೂ ಆಗದು. ಅದೇ ಮೆಕ್ಸಿಕೋ ಮ್ಯಾರಥಾನಿನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಕ್ವಾರಿ ಬಿದ್ದು ಮೊಣಕಾಲು ಗಾಯವಾಗಿ, ಪಟ್ಟಿ ಕಟ್ಟಿಕೊಂಡು ಕುಂಟುತ್ತಾ, ವಿಜೇತರು ಬಂದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಎಲ್ಲರಿಗಿಂತ ಕೊನೆಯವರಾಗಿ ಗುರಿ ಮುಟ್ಟಿದರು. ನನ್ನ ದೇಶ ನನ್ನನ್ನು ಕಳಿಸಿದ್ದು ಓಟ ಮುಗಿಸುವುದಕ್ಕೆ ಎಂಬುದು ಅವರ ಉತ್ತರ. ಅವರಿಗೆ ದೇಶ ಬೆನ್ನ ಹಿಂದಿನ ಬಲವಾಗಿತ್ತು. ತ್ಸುಬುರಾಯಾ ಅವರಿಗೆ ಅದೇ ದೇಶಾಭಿಮಾನ ಬೆನ್ನಮೇಲಿನ ಹೊರೆಯಾಯಿತು.

ನಮ್ಮ ಶಾಲೆಗಳಿಗೆ ಇದರಿಂದ ಏನು?

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ನಾವು ಮಕ್ಕಳಿಗೆ ಒಂದು ಮಾತು ಹೇಳುವ ರೂಢಿಯಿದೆ. ಕೇಂದ್ರ ಮಟ್ಟದ ಕ್ರೀಡಾಕೂಟಕ್ಕೋ ತಾಲೂಕು ಮಟ್ಟಕ್ಕೋ ಹೊರಟಾಗ, ನೋಡು, ಬೇರೆ ಮಾಧ್ಯಮದ ಶಾಲೆಗಳೆಲ್ಲ ಬಂದಿರುತ್ತವೆ, ಕನ್ನಡ ಶಾಲೆಯ ಮಾನ ನಿನ್ನ ಕೈಯಲ್ಲಿದೆ ಎನ್ನುತ್ತೇವೆ. ಹೇಳುವವರ ಮನಸ್ಸು ಒಳ್ಳೆಯದೇ. ಪಟ್ಟಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆಗೆ ಒಂದು ಕಪ್ ಬಂದರೂ ಊರಲ್ಲಿ ತಲೆಯೆತ್ತಿ ನಡೆಯಬಹುದೆಂಬ ಆಸೆ ಇರುತ್ತದೆ. ಆದರೆ ಹದಿಮೂರು ವರ್ಷದ ಹುಡುಗಿ ಒಂದು ಭಾಷೆಯ ಮಾನವನ್ನು ಹೊತ್ತು 1500 ಮೀಟರ್ ಓಡಬೇಕೇ? ಸೋತು ಬಂದಾಗ ಆ ಮಾನವನ್ನು ಅವಳು ಎಲ್ಲಿ ಇಳಿಸಬೇಕು? ಕನ್ನಡ ಶಾಲೆ ಉಳಿಸುವ ಕೆಲಸ ದೊಡ್ಡವರದು, ನಮ್ಮದು. ಅದನ್ನು ಮಕ್ಕಳ ಕಾಲಿಗೆ ಕಟ್ಟುವುದು ಬೇಡ.

ಮಗುವನ್ನು ಓಟಕ್ಕೆ ನಾವು ಎಳೆದು ತರಬಹುದು, ತಪ್ಪಲ್ಲ. ಝಾಟೊಪೆಕ್ ಅವರನ್ನೂ ಎಳೆದೇ ತಂದಿದ್ದರು. ಆದರೆ ಬಂದ ಮೇಲೆ ಓಟ ಅದರದಾಗಬೇಕು. ಎಷ್ಟು ಓಡಬೇಕು, ಹೇಗೆ ಓಡಬೇಕು ಎಂದು ತಾನೇ ಪ್ರಯೋಗ ಮಾಡಲು ಬಿಡಬೇಕು. ಸೋತು ಬಂದ ದಿನ ಗೆದ್ದ ದಿನದಂತೆಯೇ ಊಟಕ್ಕೆ ಕರೆಯಬೇಕು. ಇನ್ನು ಮುಖ್ಯವಾದದ್ದು: ಮಗು ಸಾಕಾಯಿತು ಸರ್, ಆಗುವುದಿಲ್ಲ ಎಂದರೆ ಅದನ್ನು ಸೋಮಾರಿತನ ಎನ್ನುವ ಮೊದಲು ಕೂರಿಸಿಕೊಂಡು ಕೇಳಬೇಕು. ಇದು ಓಟಕ್ಕಷ್ಟೇ ಅಲ್ಲ, ಹತ್ತನೆಯ ತರಗತಿಯ ಪರೀಕ್ಷೆಗೂ ಸಲ್ಲುತ್ತದೆ. ಮಕ್ಕಳೇ, ನಿಮಗೂ ಒಂದು ಮಾತು. ಮನಸ್ಸು ಪೂರ್ತಿ ದಣಿದಿದೆ ಎನಿಸಿದಾಗ ಒಬ್ಬರೇ ಇರಬೇಡಿ. ಮನೆಯಲ್ಲಿ ಹೇಳಿ, ಗುರುಗಳಿಗೆ ಹೇಳಿ, ಗೆಳೆಯರಿಗಾದರೂ ಹೇಳಿ. ಹೇಳಿದರೆ ಮಾನ ಹೋಗುವುದಿಲ್ಲ.

ಶಿಕ್ಷಕ ಬಂಧುಗಳು ಈ ಕಥೆಯನ್ನು ಏಳನೆಯ, ಎಂಟನೆಯ ತರಗತಿಯಲ್ಲಿ ಹೇಳಬಹುದು. ಮೊದಲು ಭೂಪಟದಲ್ಲಿ ಹೆಲ್ಸಿಂಕಿ, ಟೋಕಿಯೊ, ಮೆಕ್ಸಿಕೋ ನಗರಗಳನ್ನು ಗುರುತಿಸಲು ಹೇಳಿ. ಆಮೇಲೆ ಒಂದು ಪ್ರಶ್ನೆ ಕೊಡಿ: ತ್ಸುಬುರಾಯಾ ಕಂಚು ಗೆದ್ದ ಮರುದಿನ ನೀವು ಅವರ ಗುರುಗಳಾಗಿದ್ದರೆ ಏನು ಹೇಳುತ್ತಿದ್ದಿರಿ? ಹತ್ತು ಸಾಲಿನಲ್ಲಿ ಬರೆಯಲಿ. ಮಕ್ಕಳು ಬರೆದ ಉತ್ತರಗಳನ್ನು ನಾವು ದೊಡ್ಡವರು ಕೂತು ಓದೋಣ.